ಸರಿಸಮಾನ ಊರುಗಳು

ಎದುರು ಮನೆಯ ಮೇಲಂತಸ್ತಿನ ಕಿಟಕಿಯನ್ನು ಇನ್ನು ನೋಡುವುದಿಲ್ಲವೆಂದು ವಾರೆನ್ ಟಿಲ್ಸನ್ ತನಗೆ ತಾನೇ ಆಣೆ ಹಾಕಿಕೊಂಡಿದ್ದ. ಆದರೆ ಬೆಳಿಗ್ಗೆ ಕಾಫಿ ಲೋಟ ತೊಳೆಯಲು ಸಿಂಕಿನ ಮುಂದೆ ನಿಂತವನ ಕಣ್ಣು ಬೇರೆ ಎಲ್ಲಿಗೆ ಹೋದೀತು? ಹೋಯಿತು. ಪರದೆ ಅರ್ಧ ಸರಿದಿತ್ತು. ನಿನ್ನೆ ಪೂರ್ತಿ ಮುಚ್ಚಿತ್ತಲ್ಲ ಎಂದುಕೊಂಡ. ಹಾಗಾದರೆ ನಿನ್ನೆಯೂ ನೋಡಿದ್ದೆನಲ್ಲ ಎಂದು ನಾಚಿದ. ಇವನ ಮೆಟ್ಟಿಲ ಮೇಲೆ ಹಬ್ಬಕ್ಕೆಂದು ತಂದಿಟ್ಟ ಮೂರು ಕುಂಬಳಕಾಯಿ ಕೂತಿದ್ದವು. ಪಕ್ಕದ ಮನೆಯ ಮುದುಕಿ ಲುಂಡ್‌ಕ್ವಿಸ್ಟ್ ನಾಯಿ ಹಿಡಿದುಕೊಂಡು ಹೋಗುತ್ತ ಕೈಯೆತ್ತಿದಳು. ದಿನಾ ಭುಜದವರೆಗೆ ಏಳುತ್ತಿದ್ದ ಕೈ ಇವತ್ತು ಎದೆಯವರೆಗೆ ಮಾತ್ರ ಎದ್ದಿತು. ಚಳಿಗೋ, ವಯಸ್ಸಿಗೋ, ಅಥವಾ ಅವಳಿಗೂ ಗೊತ್ತಾಗಿದೆಯೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವನದು. ಇಲ್ಲಿ ಯಾರೂ ಕಳ್ಳ ಎಂದು ಕೂಗಿರಲೂ ಇಲ್ಲ. ಅವನೇ ಹಗಲೂರಾತ್ರಿ ಹೆಗಲು ತಡವಿಕೊಳ್ಳುತ್ತಿದ್ದ.

ನೋಡುವುದೇ ಅವನ ಕಸುಬು. ದೊಡ್ಡ ಕಂಪನಿಗಳ ಅಧಿಕಾರಿಗಳಿಗೆ ಒಂದು ನಗರದಿಂದ ಇನ್ನೊಂದಕ್ಕೆ ವರ್ಗವಾದಾಗ, ಹೊಸ ನಗರದ ಸುತ್ತಲಿನ ಊರುಗಳಲ್ಲಿ ಅವರಿಗೆ ಹೊಂದುವುದು ಯಾವುದೆಂದು ಹೇಳುವವನು ಅವನು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಅವನ ಹತ್ತಿರ ಸರಿಸಮಾನ ಊರುಗಳ ಒಂದು ಪಟ್ಟಿಯಿತ್ತು. ಕಂಪನಿಯದಲ್ಲ, ಸ್ವಂತದ್ದು, ತಲೆಯೊಳಗಿನದು. ಬಾಸ್ಟನ್ನಿನ ವೆಲ್ಸ್ಲಿಯಲ್ಲಿ ಹದಿನೈದು ವರ್ಷದ ಹಳೇ ಕಾರು ಓಡಿಸುವುದೇ ದೊಡ್ಡಸ್ತಿಕೆ. ಡಲ್ಲಾಸ್‌ನ ಹೈಲೆಂಡ್ ಪಾರ್ಕ್‌ನಲ್ಲಿ ಅದೇ ಕಾರು ಕಂಡರೆ ಮನೆಗೆಲಸದವಳು ಬಂದಳೆಂದುಕೊಳ್ಳುತ್ತಾರೆ. ಮಿನಿಯಾಪೊಲಿಸ್‌ನ ಈಡೈನಾದಲ್ಲಿ ಮನೆ ಚೆನ್ನಾಗಿದೆ ಎಂದರೆ ಮನೆಯವರು ಕ್ಷಮೆ ಕೇಳುವ ದನಿಯಲ್ಲಿ ಮಾತಾಡುತ್ತಾರೆ, ಡೆಟ್ರಾಯಿಟ್ ಕಡೆಯ ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಮ್ಮಪ್ಪ ಯಾವ ಕಾರು ಕಂಪನಿ ಎಂದು ಕೇಳಿದ ಮೇಲೇ ಒಳಗೆ ಕರೆಯುತ್ತಾರೆ. ಒಂದು ಬೀದಿಯಲ್ಲಿ ನೂರು ಗಜ ನಡೆದರೆ ಸಾಕು, ಹುಲ್ಲಿನ ಎತ್ತರ, ಟಪಾಲು ಪೆಟ್ಟಿಗೆ, ಜನ ಕೈಯೆತ್ತುವ ರೀತಿ ನೋಡಿ ಅದು ಯಾವ ಊರಿಗೆ ಸಮ ಎಂದು ಹೇಳಿಬಿಡುತ್ತಿದ್ದ. ಆ ಬೀದಿಯಲ್ಲಿ ಎಂಥ ಜನ, ಯಾವ ಬಣ್ಣದವರು ಇದ್ದಾರೆಂದು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಕಾನೂನು ಬಿಡುವುದಿಲ್ಲ. ಗಿರಾಕಿಗಳು ನೇರವಾಗಿ ಕೇಳುವುದೂ ಇಲ್ಲ. ‘ಇಲ್ಲಿ ನಮಗೆ ಹೊಂದತ್ತಾ?’ ಎನ್ನುತ್ತಾರೆ. ಇವನು ‘ಇದು ಕ್ಲೀವ್‌ಲ್ಯಾಂಡಿನ ವಿನ್ನೆಟ್ಕಾ’ ಎನ್ನುತ್ತಾನೆ. ವಿನ್ನೆಟ್ಕಾ ಶಿಕಾಗೋ ಪಕ್ಕದ ಸಿರಿವಂತ ಬಿಳಿಯರ ಊರು; ಶಿಕಾಗೋದವರಿಗೆ ಅಷ್ಟು ಸಾಕು, ಮುಖ ಅರಳುತ್ತದೆ. ಹೇಳಬಾರದ್ದನ್ನೆಲ್ಲ ಹೇಳದೆಯೇ ಹೇಳಿದಂತಾಯಿತು. ಇದರಲ್ಲಿ ತಪ್ಪೇನೆಂದು ಅವನು ಬಹಳ ಕಾಲ ಯೋಚಿಸಿರಲಿಲ್ಲ. ಯೋಚಿಸಬಾರದೆಂದು ಎಚ್ಚರ ವಹಿಸಿದ್ದ ಎನ್ನುವುದೇ ಹೆಚ್ಚು ನಿಜ.

ನಿನ್ನೆಯಷ್ಟೇ ಒಬ್ಬ ಗಿರಾಕಿ, ಥ್ಯಾಕ್ಸ್‌ಟನ್ ಎನ್ನುವವನ ಹೆಂಡತಿ, ಕಾರಿನಲ್ಲಿ ಪಕ್ಕ ಕೂತು ಕ್ಲೀವ್‌ಲ್ಯಾಂಡಿನ ಅಂಚಿನ ಫೇರ್ಲಿ ಹೈಟ್ಸ್ ಪೂರ್ತಿ ನೋಡಿ ಮೆಚ್ಚಿ, ಕೊನೆಗೆ, ‘ನಿಮ್ಮ ಮನೆಯೂ ಇದೇ ಊರಲ್ಲೇನಾ?’ ಎಂದು ಕೇಳಿದ್ದಳು. ಹೌದು, ಹಾರ್ಟ್‌ವೆಲ್ ಬೀದಿ ಎಂದ. ಅವಳು ತೊಡೆಯ ಮೇಲಿನ ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದಳು. ಬೆರಳು ಕೆರೆಯ ಹತ್ತಿರ ಹುಡುಕಿತು, ಶಾಲೆಯ ಹತ್ತಿರ ಹುಡುಕಿತು, ಆಮೇಲೆ ಕೆಳಗಿಳಿದು ಕಾಗದದ ಅಂಚಿಗೆ ಬಂದು ನಿಂತಿತು. ‘ಓ, ಇಲ್ಲೇ ಕೊನೇಗೆ. ಆ ಜೋಡಿ ಮನೆಗಳ ಹತ್ತಿರ,’ ಎಂದು ಮೃದುವಾಗಿ ನಕ್ಕಳು. ಕಾಯಿಲೆಯವರನ್ನು ವಿಚಾರಿಸುವ ದನಿ. ಹಾರ್ಟ್‌ವೆಲ್ ಬೀದಿಯ ಈ ಸಾಲು ಒಂಟಿ ಮನೆಗಳದು, ಎದುರು ಸಾಲಿನಲ್ಲಿ ಕೆಳಗೊಂದು ಮೇಲೊಂದು ಸಂಸಾರವಿರುವ ಹಳೆಯ ಬಾಡಿಗೆ ಮನೆಗಳು. ಅವುಗಳ ಹಿಂದಿನ ಓಣಿ ದಾಟಿ ಎರಡು ಬೀದಿ ಹೋದರೆ ಊರೇ ಮುಗಿದು ನಗರ ಶುರು. ಶಾಲೆ ಬೇರೆ, ಊರಿನ ಶಾಲೆ ಊರಲ್ಲೇ ವಾಸವಿರುವ ಮಕ್ಕಳಿಗೆ ಮಾತ್ರ; ಪೊಲೀಸರು ಬೇರೆ, ಹಿಮ ಗುಡಿಸುವ ಗಾಡಿ ಬರುವ ಹೊತ್ತೂ ಬೇರೆ. ಹದಿನಾಲ್ಕು ವರ್ಷದಿಂದ ವಾರೆನ್ ಈ ಅಂಚಿನಲ್ಲಿ ಕೂತು ಊರು ತನ್ನ ಬೆನ್ನ ಹಿಂದಿನಿಂದ ಯಾವಾಗ ಸರಿದು ಹೋಗುತ್ತದೋ ಎಂದು ಕಾಯುತ್ತಿದ್ದ. ಪಟ್ಟಿಯಲ್ಲಿ ಎಲ್ಲರ ಊರಿಗೂ ಸಮ ಸಿಕ್ಕಿತ್ತು. ತನ್ನ ಬೀದಿಗೆ ಮಾತ್ರ ಅವನು ಹುಡುಕಿರಲಿಲ್ಲ, ಏನು ಸಿಗುತ್ತದೋ ಎಂಬ ಭಯಕ್ಕೆ.

‘ಕಾಫಿ ಲೋಟದ ಬಣ್ಣ ಹೋಗತ್ತೆ, ಬಿಡು ಅದನ್ನ,’ ಎಂದಳು ಗ್ರೆಚೆನ್. ಅವನ ಹೆಂಡತಿ ಹಿಂದೆ ಬಂದು ನಿಂತದ್ದು ಅವನಿಗೆ ಗೊತ್ತಾಗಿರಲಿಲ್ಲ. ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದಳು.

‘ಏನೋ ಯೋಚನೆ.’

‘ಅದೇ ಕೇಳೋಣ ಅಂತಿದ್ದೆ. ಡಲ್ಲಾಸಲ್ಲಿ ನನಗೆ ಸಮ ಯಾರಿದಾಳೆ ಅಂತ ಹುಡುಕ್ತಾ ಇದೀಯೇನೋ ಅಂತ.’

ಅವನು ನಕ್ಕ. ನಗುವಾಗ ತುಟಿ ಎಷ್ಟು ಎಳೆಯಬೇಕೆಂದು ಲೆಕ್ಕ ಹಾಕಿದ.

‘ಎದುರು ಮನೆ ಡೆನೀಸ್ ವಿಷಯ ಕೇಳಿದ್ಯಾ? ನಮ್ಮ ಪೈಪರ್ ಹೇಳಿದ್ಲು ನಿನ್ನೆ. ಯಾರೋ ಪುಣ್ಯಾತ್ಮರು ಶಾಲೆಗೆ ಚಾಡಿ ಹೇಳಿದಾರಂತೆ, ಅವರು ಈ ಊರಲ್ಲೇ ಇಲ್ಲ, ವಿಳಾಸ ಮಾತ್ರ ಇಲ್ಲೀದು ಅಂತ. ಸೋಮವಾರ ವಿಚಾರಣೆ. ಇಲ್ಲೇ ಇರೋದು ಅಂತ ರುಜು ಆಗ್ಲಿಲ್ಲ ಅಂದ್ರೆ ಮಂಗಳವಾರದಿಂದ ಅವಳ ಮಗಳು ಕೋರಿನ್ ಶಾಲೆಗೆ ಬರೋ ಹಾಗಿಲ್ಲ. ಪೈಪರ್ ಊಟ ಬಿಟ್ಟು ಎದ್ದೋದ್ಲು.’

‘ಹೌದಾ.’

‘ಯಾರು ಮಾಡ್ತಾರೆ ಇಂಥದ್ದು? ನಂಗೇನೋ ಲುಂಡ್‌ಕ್ವಿಸ್ಟ್ ಮುದುಕಿ ಮೇಲೇ ಅನುಮಾನ. ದಿನಾ ನಾಯಿ ನೆಪದಲ್ಲಿ ಎಲ್ಲರ ಮನೆ ಮುಂದೆ ನಿಂತ್ಕೋತಾಳೆ.’

ಈಗ ಹೇಳಬಹುದಿತ್ತು. ಅವಳಲ್ಲ, ನಾನು. ಎರಡೇ ಪದ, ಕೈಯಲ್ಲಿ ಇನ್ನೂ ಸೋಪಿನ ನೊರೆ ಇತ್ತು, ಗ್ರೆಚೆನ್ ಮುಖದಲ್ಲಿ ಮೊದಲಿನ ತಮಾಷೆ ಪೂರ್ತಿ ಆರಿರಲಿಲ್ಲ. ‘ಇರಬಹುದು. ಒಂಟಿ ಮುದುಕಿ, ಹೊತ್ತು ಹೋಗಬೇಕಲ್ಲ,’ ಎಂದ. ಲೋಟವನ್ನು ಮತ್ತೊಮ್ಮೆ ತೊಳೆದ. ಗ್ರೆಚೆನ್ ಬುಟ್ಟಿ ಹಿಡಿದು ಮಹಡಿಗೆ ಹೋದಳು.

ಮಗಳಿಗಾಗಿ ಮಾಡಿದ್ದಲ್ಲ ಎಂದು ಅವನು ಎಷ್ಟು ಸಲ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ. ಪೈಪರ್ ಶಾಲೆಯ ವಾದ್ಯವೃಂದದಲ್ಲಿ ಚೆಲೋ, ಪಿಟೀಲಿನ ಜಾತಿಯ ದೊಡ್ಡ ವಾದ್ಯ, ನುಡಿಸುತ್ತಿದ್ದಳು, ಎಲ್ಲರಿಗಿಂತ ಚೆನ್ನಾಗಿ ನುಡಿಸುವವರಿಗೆ ಕೊಡುವ ಮೊದಲ ಕುರ್ಚಿ ಎರಡು ವರ್ಷ ಅವಳದೇ. ಸೆಪ್ಟೆಂಬರಿನಲ್ಲಿ ಅದು ಎದುರು ಮನೆಯ ಕೋರಿನ್ ಪ್ರೂಯಿಟ್‌ಗೆ ಹೋಯಿತು. ‘ಅವಳು ನನಗಿಂತ ಚೆನ್ನಾಗಿ ನುಡಿಸ್ತಾಳಪ್ಪಾ, ಅದರಲ್ಲೇನಿದೆ?’ ಎಂದು ಪೈಪರ್ ರೊಟ್ಟಿಗೆ ಬೆಣ್ಣೆ ಸವರುತ್ತ ಹೇಳಿದಳು. ಅಷ್ಟು ಸಲೀಸಾಗಿ ಸೋಲೊಪ್ಪುವುದನ್ನು ಮಗಳು ಎಲ್ಲಿ ಕಲಿತಳು ಎಂದು ಇವನಿಗೆ ಸಿಟ್ಟು ಬಂತು. ಅದಾದ ವಾರದಲ್ಲಿ ಒಂದು ಸಂಜೆ ಗಿರಾಕಿಯನ್ನು ಬಿಟ್ಟು ಬರುವಾಗ ಗಡಿಯಾಚೆ ನಗರದ ಬಸ್ ನಿಲ್ದಾಣದಲ್ಲಿ, ತನ್ನಷ್ಟೇ ಎತ್ತರದ ಚೆಲೋ ಪೆಟ್ಟಿಗೆಗೆ ಒರಗಿಕೊಂಡು ನಿಂತ ಹುಡುಗಿ ಕಂಡಳು. ಕೋರಿನ್. ಅಲ್ಲಿ ಅವಳಿಗೇನು ಕೆಲಸ? ಮನೆ ನಗರದಲ್ಲೇ ಇರಬಹುದೇ? ಬಿಳಿಯರ ಮಗಳೊಬ್ಬಳು ಅದೇ ಪೆಟ್ಟಿಗೆಗೆ ಒರಗಿ ಅಲ್ಲೇ ನಿಂತಿದ್ದರೆ, ಅಯ್ಯೋ ಬಸ್ಸು ತಪ್ಪಿತೇನೋ, ಮನೆಗೆ ಬಿಡೋಣ ಎಂದು ಕಾರು ನಿಲ್ಲಿಸುತ್ತಿದ್ದ. ಕೋರಿನ್ ಕಪ್ಪು ಹುಡುಗಿ. ಅವನು ಕಾರು ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಈ ವ್ಯತ್ಯಾಸ ಅವನಿಗೆ ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಪಟ್ಟಿಯಿಂದ ಹೊರಗಿಡುವ ಅಭ್ಯಾಸ ಇಪ್ಪತ್ತೆರಡು ವರ್ಷದ್ದು.

ಹಾಗೆ ಶುರುವಾದದ್ದು. ಅಕ್ಟೋಬರ್ ಮೂರರಿಂದ ಹದಿನೇಳರವರೆಗೆ, ಶನಿವಾರ ಭಾನುವಾರ ಬಿಟ್ಟು ಹನ್ನೊಂದು ಬೆಳಗು, ಇದೇ ಸಿಂಕಿನ ಮುಂದೆ ನಿಂತು ಗಿರಾಕಿಗಳ ಮನೆ ಪರೀಕ್ಷಿಸುವ ಅದೇ ಹಳದಿ ಕಾಗದದ ಮೇಲೆ ಬರೆದ. ಕಾರು ಇಲ್ಲ. ಮುಂಬಾಗಿಲು ತೆರೆಯಲಿಲ್ಲ. ಯಾರೂ ಹೊರಗೆ ಬರಲಿಲ್ಲ. ಮೇಲೆ ಅಡುಗೆಮನೆಯ ದೀಪ ಹೊತ್ತಿತು, ಟೈಮರ್ ಇಟ್ಟಿರಬಹುದು. ಊರಿಗೆ ಹೋಗುವವರೆಲ್ಲ ಕಳ್ಳರಿಗೆ ಮನೆಯಲ್ಲಿ ಜನರಿದ್ದಾರೆಂದು ತೋರಿಸಲು ದೀಪಕ್ಕೆ ಟೈಮರ್ ಇಡುವುದು ಈ ಊರಿನಲ್ಲಿ ಸಾಮಾನ್ಯ, ಅವನೇ ಇಡುತ್ತಿದ್ದ. ಖಾಲಿ ಮನೆಯಲ್ಲಿ ಬೆಳಕು ಕಂಡರೆ ಜನರಿದ್ದಾರೆಂದು ಕಳ್ಳ ನಂಬಬೇಕು. ಇವನು ಜನರಿದ್ದ ಮನೆಯಲ್ಲಿ ಬೆಳಕು ಕಂಡು ಖಾಲಿ ಎಂದು ನಂಬಿದ. ಹದಿನೆಂಟನೇ ತಾರೀಖು ಮಂಗಳವಾರ, ಶಾಲಾ ಮಂಡಳಿಯವರು ಇಂಥದ್ದಕ್ಕೆಂದೇ ಇಟ್ಟಿದ್ದ ನಂಬರಿಗೆ ಫೋನ್ ಮಾಡಿದ. ಹೆಸರು ಹೇಳಬೇಕಿಲ್ಲ ಎಂದಿತು ಯಂತ್ರದ ದನಿ, ಬಹಳ ಪ್ರೀತಿಯಿಂದ. ಇಟ್ಟಮೇಲೆ ಹಗುರಾಯಿತು. ಆ ಹಗುರ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ.

ಬಾಗಿಲ ಗಂಟೆ ಬಾರಿಸಿತು. ತೆರೆದರೆ ಡೆನೀಸ್ ಪ್ರೂಯಿಟ್. ಪಾಳಿಯ ನಡುವೆ ಬಂದವಳಂತೆ ದವಾಖಾನೆಯ ನೀಲಿ ಅಂಗಿಯ ಮೇಲೆ ಕೋಟು, ಕೈಯಲ್ಲೊಂದು ಕಂದು ಲಕೋಟೆ. ಇಷ್ಟು ಹತ್ತಿರದಿಂದ ಅವಳನ್ನು ಅವನು ನೋಡಿರಲಿಲ್ಲ. ಕಣ್ಣ ಕೆಳಗೆ ನಿದ್ದೆಗೆಟ್ಟ ಊತವಿತ್ತು.

‘ತೊಂದರೆ ಕೊಟ್ಟೆನೇನೋ, ಮಿಸ್ಟರ್ ಟಿಲ್ಸನ್.’

‘ಛೆ ಛೆ, ಬನ್ನಿ, ಒಳಗೆ ಬನ್ನಿ.’ ದನಿ ಬೇಕಾದ್ದಕ್ಕಿಂತ ಜೋರಾಯಿತು. ಕೂತು ಮಾತಾಡುವ ಕೋಣೆಗೆ ಕರೆಯಬೇಕಿತ್ತು. ಗಾಬರಿಯಲ್ಲಿ ಅಡುಗೆಮನೆಗೇ ಕರೆದುಕೊಂಡು ಬಂದ. ಅವಳು ಕೊಟ್ಟ ಕುರ್ಚಿಯಲ್ಲಿ ಕೂರದೆ ಸಿಂಕಿಗೆ ಒರಗಿ ನಿಂತಳು. ಬೆನ್ನ ಹಿಂದೆ ಕಿಟಕಿ.

‘ವಿಷಯ ನಿಮ್ಮ ಕಿವಿಗೂ ಬಿದ್ದಿರತ್ತೆ. ನಮ್ಮ ಮನೆ ಮಾಲೀಕ ಫ್ಲೋರಿಡಾಗೆ ಹೋಗಿ ಕೂತಿದಾನೆ, ಫೋನ್ ಎತ್ತಲ್ಲ. ಕರಾರು ಪತ್ರ ಹೋದ ವರ್ಷವೇ ಮುಗೀತು, ಈಗ ಬರೀ ಬಾಯಿಮಾತು. ಕರೆಂಟ್ ಬಿಲ್ಲು ಅವನ ಹೆಸರಲ್ಲಿ. ಅದಕ್ಕೆ ಮಂಡಳಿಯವರು ಬೀದೀಲಿ ಸ್ವಂತ ಮನೆ ಇರೋ ಇಬ್ಬರ ಕೈಲಿ ಅಫಿಡವಿಟ್ ತನ್ನಿ ಅಂದ್ರು. ಒಂದು ಮಿಸೆಸ್ ಲುಂಡ್‌ಕ್ವಿಸ್ಟ್ ಕೊಟ್ರು.’

‘ಅವರು ಕೊಟ್ಟರಾ?’

‘ಕೇಳಿದ ತಕ್ಷಣ. ನಾಯೀನ ನನ್ನ ಕೈಗೆ ಕೊಟ್ಟು ಬರೆದ್ರು. ಇನ್ನೊಂದು ಬೇಕು.’ ಲಕೋಟೆಯಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಅಚ್ಚಾದ ಪ್ರಶ್ನೆಗಳು. ಈ ಮಗು ಈ ವಿಳಾಸದಲ್ಲಿ ವಾಸವಾಗಿರುವುದು ನಿಮಗೆ ಗೊತ್ತೇ? ಅದರ ಕೆಳಗೆ ಐದಾರು ಖಾಲಿ ಗೆರೆ ಬಿಟ್ಟು, ಹೇಗೆ ಗೊತ್ತು, ವಿವರವಾಗಿ ಬರೆಯಿರಿ.

ಅವನು ಹಾಳೆಯನ್ನು ನೋಡುತ್ತ ನಿಂತ. ಯಾಕೆ ನನ್ನ ಹತ್ತಿರವೇ ಬಂದಳು? ಈ ಸಾಲಿನಲ್ಲಿ ಒಂಬತ್ತು ಮನೆಗಳಿವೆ. ಕಾಗದ ಕೊಡುವಾಗ ಅವಳು ನನ್ನ ಕಣ್ಣನ್ನು ನೋಡಿದಳೇ, ಕೈಯನ್ನು ನೋಡಿದಳೇ? ಬಲೆ ಬೀಸುತ್ತಿದ್ದಾಳೆ. ಇಲ್ಲ, ಪಾಪ, ನಂಬಿ ಬಂದಿದ್ದಾಳೆ. ನಂಬಿ ಬಂದಿದ್ದರೆ ಅದು ಇನ್ನೂ ಕೆಟ್ಟದ್ದು. ಬಲೆಯಾಗಿದ್ದರೇ ಒಳ್ಳೆಯದಿತ್ತು, ಸಿಕ್ಕಿಬಿದ್ದು ಮುಗಿದುಹೋಗುತ್ತಿತ್ತು.

‘ಬೆಳಿಗ್ಗೆ ನಿಮ್ಮ ಕಾರು ಇರಲ್ಲ,’ ಎಂದುಬಿಟ್ಟ. ನಾಲಗೆ ಜಾರಿದ್ದು ಆಮೇಲೆ ಗೊತ್ತಾಯಿತು.

‘ಡಯಾಲಿಸಿಸ್ ಕೇಂದ್ರದಲ್ಲಿ ಐದೂವರೆಗೆ ಮೊದಲ ರೋಗಿ ಬರ್ತಾರೆ. ನಾನು ಐದಕ್ಕೇ ಹೊರಡ್ತೀನಿ. ಕೋರಿನ್ ತಾನೇ ಎದ್ದು ಮೊಟ್ಟೆ ಮಾಡ್ಕೊಂಡು ತಿಂದು ಹೋಗ್ತಾಳೆ.’

‘ಮುಂಬಾಗಿಲು ತೆಗೆಯೋದು ನೋಡಿಲ್ಲ ಯಾವತ್ತೂ.’

‘ಮುಂಬಾಗಿಲು ಕೆಳಗಿನವರದ್ದು, ಮಿಸ್ಟರ್ ಟಿಲ್ಸನ್.’ ಅವಳು ಮಗುವಿಗೆ ಹೇಳುವಂತೆ ಹೇಳಿದಳು. ‘ಜೋಡಿ ಮನೇಲಿ ಮೇಲಿನವರಿಗೆ ಮೆಟ್ಟಿಲು ಹಿಂದೆ ಇರತ್ತೆ. ಕ್ಲೀವ್‌ಲ್ಯಾಂಡಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಅವಳು ಹಿಂದಿನ ಓಣೀಲಿ ನಡೆದು ಶಾಲೆಗೆ ಹೋಗ್ತಾಳೆ. ಬುಧವಾರ ಮಾತ್ರ ಶಾಲೆ ಬಿಟ್ಟ ಮೇಲೆ ಬಸ್ಸಲ್ಲಿ ನಮ್ಮಮ್ಮನ ಮನೆಗೆ, ಅವರಿಗೆ ಚೆಲೋ ಕೇಳಿಸೋಕೆ. ಅವರಿಗೆ ಕಣ್ಣು ಕಾಣಲ್ಲ.’

ನಾಲ್ಕು ನಗರಗಳಲ್ಲಿ ಬಾಳಿ, ಹದಿನಾರು ನಗರಗಳ ಊರುಗಳನ್ನು ತೂಗಿ ನೋಡಿದವನಿಗೆ, ಎದುರು ಮನೆಯವರು ಯಾವ ಮೆಟ್ಟಿಲು ಹತ್ತುತ್ತಾರೆಂಬುದು ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಮೇಲಂತಸ್ತಿಗೆ ಕಲಮು ಇರಲಿಲ್ಲ. ಗಿರಾಕಿಗಳಲ್ಲಿ ಯಾರೂ ಅಂಥ ಮನೆ ಕೇಳುತ್ತಿರಲಿಲ್ಲ. ಅವಳು ಕೂರದ ಕುರ್ಚಿಯಲ್ಲಿ ಅವನೇ ಕೂತ.

‘ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ,’ ಎಂದ. ‘ಅಂದರೆ, ಕೊಡಲ್ಲ ಅಂತಲ್ಲ. ನನಗೆ ನಿಮ್ಮ ಬಗ್ಗೆ ಅಷ್ಟು…’

ಡೆನೀಸ್ ಹಿಂದೆ ತಿರುಗಿ ಕಿಟಕಿಯಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು. ‘ಇಲ್ಲಿಂದ ಎಷ್ಟು ಚೆನ್ನಾಗಿ ಕಾಣ್ಸತ್ತೆ. ಒಲೆ ಮೇಲಿನ ಪಾತ್ರೆ ಕೂಡ ಕಾಣ್ತಿದೆ,’ ಎಂದಳು. ‘ಕೋರಿನ್ ಹೇಳ್ತಿದ್ಲು, ಅಮ್ಮಾ, ಎದುರು ಮನೆಯವರು ದಿನಾ ಬೆಳಿಗ್ಗೆ ಕಿಟಕಿ ಹತ್ರ ನಿಂತಿರ್ತಾರೆ, ನಾನು ಕೈಯೆತ್ತಿದರೆ ಪಕ್ಕಕ್ಕೆ ಸರೀತಾರೆ ಅಂತ. ಅದಕ್ಕೇ ಬಂದೆ. ನಿಮ್ಮಷ್ಟು ನಮ್ಮ ಮನೇನ ನೋಡಿರೋರು ಈ ಬೀದೀಲಿ ಬೇರೆ ಯಾರೂ ಇಲ್ಲ.’

ಆ ಮಾತಿನಲ್ಲಿ ಕೊಂಕಿತ್ತೇ? ಅವನು ಕೊಂಕು ಹುಡುಕಿದ, ಹುಡುಕುವುದು ಅವನಿಗೆ ಬರುತ್ತಿತ್ತು, ಸಿಗಲಿಲ್ಲ. ಹೌದು, ಹುಡುಗಿ ಕೈಯೆತ್ತಿದ್ದಳು. ಎರಡು ಸಲ. ಕಿಟಕಿಯ ಗಾಜು ಒರೆಸುತ್ತಿದ್ದಾಳೆ ಎಂದುಕೊಂಡಿದ್ದ. ಅಲ್ಲ, ಹಾಗೆಂದುಕೊಳ್ಳಲು ಕಷ್ಟಪಟ್ಟಿದ್ದ. ಟೈಮರ್ ಕೈಯೆತ್ತುತ್ತದೆಯೇ?

ಪೆನ್ನು ಹಿಡಿದ. ನೆರೆಯವನಾಗಿ ಆಗಾಗ ಕಂಡಿದ್ದೇನೆ ಎಂದು ಬರೆದ. ಓದಿಕೊಂಡ. ಇಷ್ಟಕ್ಕೆ ಮಂಡಳಿಯವರು ಒಪ್ಪುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಂಥ ಕಾಗದಗಳನ್ನು ತೂಗುವುದೂ ಅವನ ಕಸುಬಿನ ಭಾಗವೇ. ಇಷ್ಟೇ ಬರೆದುಕೊಟ್ಟರೆ ತಾನು ಪಾರು, ಹುಡುಗಿ ಮಂಗಳವಾರದಿಂದ ಹೊರಗೆ. ವಿವರವಾಗಿ ಬರೆದರೆ ಹುಡುಗಿ ಉಳಿಯುತ್ತಾಳೆ. ವಿವರ ಅವನಲ್ಲಿ ಇತ್ತು, ಪ್ರಪಂಚದಲ್ಲಿ ಅವನೊಬ್ಬನಲ್ಲೇ ಇತ್ತು. ಅವನು ‘ಒಂದು ನಿಮಿಷ’ ಎಂದು ಎದ್ದು ಪಕ್ಕದ ಕೋಣೆಗೆ ಹೋಗಿ ಹಳದಿ ಕಾಗದಗಳನ್ನು ತಂದ. ಮುಚ್ಚಿಡಲಿಲ್ಲ. ಮೇಜಿನ ಮೇಲೆ ಅವಳ ಕಣ್ಣೆದುರಿಗೇ ಹರಡಿದ. ನಕಲು ಮಾಡತೊಡಗಿದ. ಅಕ್ಟೋಬರ್ ಮೂರು, ಆರು ಇಪ್ಪತ್ತಕ್ಕೆ ಮೇಲೆ ಅಡುಗೆಮನೆ ದೀಪ. ನಾಲ್ಕು, ಆರು ಮೂವತ್ತನಾಲ್ಕಕ್ಕೆ ದೀಪ. ಪರದೆಯ ಹಿಂದೆ ಹುಡುಗಿಯ ನೆರಳು. ಐದು, ಆರೂಕಾಲಿಗೆ ದೀಪ, ಆಮೇಲೆ ಹತ್ತು ನಿಮಿಷ ಚೆಲೋ, ಒಂದೇ ಸಾಲು ಮತ್ತೆ ಮತ್ತೆ. ಟೈಮರ್ ಎಂಬ ಪದವನ್ನು ಮಾತ್ರ ಬಿಟ್ಟ. ಗೆರೆಗಳು ಸಾಲದೆ ಹಿಂಬದಿಗೆ ಹೋದ. ಎಂಥ ನಿಚ್ಚಳ ಸಾಕ್ಷಿ! ಹನ್ನೊಂದು ದಿನ ಒಂದು ಮಗು ಎದ್ದು, ದೀಪ ಹಚ್ಚಿ, ತಿಂದು, ನುಡಿಸಿ, ಕೈಯೆತ್ತಿ ಹೋದದ್ದನ್ನು ಇಷ್ಟು ನಿಗಾ ಇಟ್ಟು ಯಾವ ತಂದೆಯೂ ಬರೆದಿಡಲಾರ. ಬರೆಯುತ್ತ ಬರೆಯುತ್ತ ಅವನಿಗೆ ಅಳು ಬರುವಂತಾಯಿತು. ಆ ಅಳುವಿನ ಮೇಲೂ ಅವನಿಗೆ ಅನುಮಾನವಿತ್ತು.

ಡೆನೀಸ್ ಹಾಳೆ ತೆಗೆದುಕೊಂಡು ನಿಂತೇ ಓದಿದಳು. ಐದನೇ ತಾರೀಖಿನ ಸಾಲಿಗೆ ಬಂದಾಗ ಒಂದು ಕ್ಷಣ ತಡೆದಳು. ತಾನು ಮನೆಯಲ್ಲಿಲ್ಲದ ಹೊತ್ತಿನ ಮಗಳನ್ನು ಬಹುಶಃ ಮೊದಲ ಸಲ ನೋಡುತ್ತಿದ್ದಳು. ಮಹಡಿಯ ಮೆಟ್ಟಿಲಲ್ಲಿ ಗ್ರೆಚೆನ್‌ಳ ಹೆಜ್ಜೆ ಕೇಳಿಸಿತು. ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತವಳು, ‘ಡೆನೀಸ್! ಬಂದದ್ದು ಗೊತ್ತೇ ಆಗ್ಲಿಲ್ಲ,’ ಎಂದು ಶುರುಮಾಡಿ, ಮೇಜಿನ ಮೇಲಿನ ಹಳದಿ ಕಾಗದಗಳನ್ನು ಕಂಡು ಬುಟ್ಟಿಯನ್ನು ಎದೆಗೊತ್ತಿಕೊಂಡಳು. ಗಂಡನ ಅಕ್ಷರ ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು.

‘ಹದಿನೇಳಕ್ಕೆ ನಿಂತುಹೋಗಿದೆ,’ ಎಂದಳು ಡೆನೀಸ್, ಹಾಳೆ ತಿರುಗಿಸುತ್ತ. ‘ಹದಿನೆಂಟಕ್ಕೆ ಯಾಕೆ ಬರೀಲಿಲ್ಲ?’

ಉತ್ತರ ಸಿದ್ಧವಾಗಿತ್ತು. ಕೆಲಸದ ಮೇಲೆ ಮಿನಿಯಾಪೊಲಿಸ್‌ಗೆ ಹೋಗಿದ್ದೆ; ಈಡೈನಾ, ಎರಡು ಸಂಸಾರ, ಮೂರು ದಿನ. ಬಾಯಿಯವರೆಗೂ ಬಂದಿತ್ತು. ಅವಳ ಕೈಯ ಲಕೋಟೆಯೊಳಗೆ ಮಂಡಳಿಯ ಪತ್ರವಿದೆ, ಅದರಲ್ಲಿ ದೂರು ಬಂದ ತಾರೀಖು ಇರುತ್ತದೆ ಎಂಬುದು ಆಗ ಹೊಳೆಯಿತು. ಅವಳು ಪತ್ರ ತೆಗೆಯಲಿಲ್ಲ. ಕಾದಳು.

‘ಹದಿನೆಂಟಕ್ಕೆ ಫೋನ್ ಮಾಡಿದೆ,’ ಎಂದ ವಾರೆನ್.

ಗ್ರೆಚೆನ್ ಬುಟ್ಟಿಯನ್ನು ನೆಲಕ್ಕಿಟ್ಟ ಸದ್ದಾಯಿತು. ಅವನು ಕಾಯುತ್ತಿದ್ದ ಬೈಗುಳ ಬರಲಿಲ್ಲ. ಡೆನೀಸ್ ಹಾಳೆಯನ್ನು ಮಡಚದೆ ಜೋಪಾನವಾಗಿ ಲಕೋಟೆಗೆ ಸೇರಿಸಿದಳು.

‘ಸಹಿ ನೋಟರಿ ಎದುರಿಗೆ ಆಗ್ಬೇಕು. ಗ್ರಂಥಾಲಯದಲ್ಲಿ ಒಂದು ಗಂಟೇವರೆಗೆ ಇರ್ತಾರೆ,’ ಎಂದಳು. ‘ಕೋಟು ಹಾಕ್ಕೊಳಿ. ವಿಚಾರಣೆ ಮುಗಿಯೋ ಸೋಮವಾರ ಸಂಜೆವರೆಗೂ ನಾನು ನಿಮ್ಮ ಮೇಲೆ ಸಿಟ್ಟಾಗೋ ಹಾಗಿಲ್ಲ, ಮಿಸ್ಟರ್ ಟಿಲ್ಸನ್. ಆಮೇಲೆ ನೋಡ್ತೀನಿ.’

ಅವನು ಎದ್ದು ಕೋಟು ಹುಡುಕಿದ. ಅದು ಯಾವಾಗಲೂ ತೂಗುವ ಮೊಳೆಯಲ್ಲೇ, ಬಾಗಿಲ ಪಕ್ಕದಲ್ಲೇ ತೂಗುತ್ತಿತ್ತು. ಅವನಿಗೆ ಕಾಣಿಸಲಿಲ್ಲ. ಇಬ್ಬರು ಹೆಂಗಸರೂ ಅವನು ಹುಡುಕುವುದನ್ನೇ ನೋಡುತ್ತ ನಿಂತರು.